ಗುಂಗ್ ಮಹಲಿನ ಮೌನ

ಕೂಸಿಗೆ ಮಾತು ಹುಟ್ಟಿನೊಡನೆ ಬರುತ್ತದೆಯೋ, ಕಿವಿಯ ಮೂಲಕ ಬರುತ್ತದೆಯೋ? ಪ್ರಶ್ನೆ ಬಹು ಪ್ರಾಚೀನವಾದದ್ದು. ಕ್ರಿಸ್ತಪೂರ್ವ 7ನೆಯ ಶತಮಾನದಲ್ಲಿ ಈಜಿಪ್ಟಿನ ದೊರೆ ಸಾಮೆಟಿಕಸ್ ಎರಡು ಹಸುಗೂಸುಗಳನ್ನು ಕುರಿಗಾಹಿಯೊಬ್ಬನಿಗೆ ಒಪ್ಪಿಸಿ, ಅವುಗಳ ಮುಂದೆ ಯಾರೂ ತುಟಿಪಿಟಕ್ಕೆನ್ನಬಾರದೆಂದು ಕಟ್ಟಪ್ಪಣೆ ಮಾಡಿದನಂತೆ. ಎರಡು ವರ್ಷಗಳ ಬಳಿಕ ಅವು ‘ಬೆಕೊಸ್’ ಎಂದು ಕೈಚಾಚಿದವು. ಫ್ರಿಜಿಯನ್ ಭಾಷೆಯಲ್ಲಿ ಅದು ರೊಟ್ಟಿಯ ಹೆಸರು. ಫ್ರಿಜಿಯನ್ನರೇ ತಮಗಿಂತ ಪ್ರಾಚೀನರೆಂದು ಈಜಿಪ್ಟಿನವರು ಒಪ್ಪಿಕೊಂಡರೆಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಕೂಸುಗಳು ಬೆಳೆದದ್ದು ಆಡಿನ ಹಾಲಿನಲ್ಲಿ. ಅವು ಅನುಕರಿಸಿದ್ದು ಆಡಿನ ದನಿಯನ್ನೇ ಇದ್ದೀತು!

ಇದು ದಂತಕಥೆಯಾಗಿರಬಹುದು. ನಮ್ಮ ದೇಶದಲ್ಲಿ ನಡೆದದ್ದು ದಂತಕಥೆಯಲ್ಲ. ಮಾತು ಬರುವುದು ಕೇಳುವುದರಿಂದಲೇ ಎಂಬುದು ಮೊಗಲ್ ಚಕ್ರವರ್ತಿ ಅಕ್ಬರನ ಮತ. ಕೆಲವರು ಸಂಶಯಪಟ್ಟರು. 1578ರ ಸುಮಾರಿಗೆ ಆತ ಜನವಸತಿಯ ಸದ್ದು ತಲುಪದ ಕಡೆ ಮನೆಯೊಂದನ್ನು ಕಟ್ಟಿಸಿ, ಹಸುಗೂಸುಗಳನ್ನು ಅಲ್ಲಿರಿಸಿದ. ತಾಯಂದಿರಿಗೆ ಹಣ ಕೊಟ್ಟು ಪಡೆದ ಆ ಕೂಸುಗಳು ಸುಮಾರು 20 ಎನ್ನುತ್ತಾನೆ ಬದಾಯೂನಿ. ಹಾಲೂಡುವ ದಾದಿಯರು ಮಾತಾಡುವಂತಿರಲಿಲ್ಲ. ಆ ಮನೆಗೆ ‘ಗುಂಗ್ ಮಹಲ್’, ಎಂದರೆ ಮೂಗರ ಮನೆ, ಎಂದು ಹೆಸರಾಯಿತು. 1582ರ ಆಗಸ್ಟಿನಲ್ಲಿ ಅಕ್ಬರನೇ ಅಲ್ಲಿಗೆ ಹೋದ. ನಾಲ್ಕು ವರ್ಷದ ಮಕ್ಕಳ ಬಾಯಿಂದ ಮೂಗರ ಸದ್ದಿನ ಹೊರತು ಬೇರೇನೂ ಹೊರಡಲಿಲ್ಲವೆಂದು ‘ಅಕ್ಬರ್‌ನಾಮಾ’ದಲ್ಲಿ ಅಬುಲ್ ಫಜಲ್ ದಾಖಲಿಸಿದ್ದಾನೆ.

ಅಬುಲ್ ಫಜಲ್ ಚಕ್ರವರ್ತಿಯ ಆಪ್ತ. ಬದಾಯೂನಿಯಾದರೋ ಒಳಗೊಳಗೇ ಕಟುಟೀಕಾಕಾರ. ಅವನ ಗ್ರಂಥ ಬೆಳಕಿಗೆ ಬಂದದ್ದೇ ಅಕ್ಬರನ ಮರಣಾನಂತರ. ಎದುರುಬದುರಾದ ಈ ಸಾಕ್ಷಿಗಳಿಬ್ಬರೂ ಫಲಿತಾಂಶದಲ್ಲಿ ಒಂದಾಗುತ್ತಾರೆ. ಆದರೆ ಬದಾಯೂನಿ ಮತ್ತೊಂದು ಮಾತನ್ನು ಸೇರಿಸುತ್ತಾನೆ: ಆ ಕೂಸುಗಳಲ್ಲಿ ಹಲವು ಮಣ್ಣಿನ ಮಡಿಲು ಸೇರಿದವು. ಶಿಶುಮರಣ ಸಾಮಾನ್ಯವಾಗಿದ್ದ ಕಾಲ ಅದು. ಮೌನವೇ ಅವನ್ನು ಕೊಂದಿತೆನ್ನಲು ಆಧಾರವಿಲ್ಲ. ಚಕ್ರವರ್ತಿ ವಾದವನ್ನು ಗೆದ್ದ. ಬೆಲೆ ತೆತ್ತವು ಕೂಸುಗಳು.

ಹಾಲಿತ್ತು, ಆರೈಕೆಯಿತ್ತು, ಕಾವಲಿತ್ತು. ಇಲ್ಲದೆ ಹೋದದ್ದು ಏನೆಂಬುದು ನಮ್ಮ ಮನೆಗಳ ತೊಟ್ಟಿಲ ಬಳಿ ನಿಂತರೆ ತಿಳಿಯುತ್ತದೆ. ಅಜ್ಜಿ ಅನ್ನವನ್ನು ‘ಬುವ್ವ’ ಎನ್ನುತ್ತಾಳೆ, ನಿದ್ದೆಯನ್ನು ‘ತಾಚಿ’ ಎನ್ನುತ್ತಾಳೆ. ಕೂಸು ‘ಆ’ ಎಂದರೆ ‘ಹೌದೇನೋ ಕಂದಾ’ ಎಂದು ಉತ್ತರ ಕೊಟ್ಟು, ಮತ್ತೆ ಅದರ ದನಿಗಾಗಿ ಕಾಯುತ್ತಾಳೆ. ಅರ್ಥವಿಲ್ಲದ ದನಿಗೂ ಅರ್ಥವುಂಟೆಂದು ನಂಬಿ ಓಗೊಡುವವರಿದ್ದಾಗ ಆ ದನಿ ಕ್ರಮೇಣ ಮಾತಾಗುತ್ತದೆ. ಕಿವಿಗೆ ಬೀಳುವ ಶಬ್ದಗಳಷ್ಟೇ ಸಾಲವು, ಈ ಕೊಡುಕೊಳೆ ಬೇಕು ಎಂಬುದನ್ನು ಇಂದಿನ ಶಾಸ್ತ್ರಜ್ಞರೂ ಎತ್ತಿಹೇಳುತ್ತಾರೆ.

ಸದ್ದಿಗೆ ತಿರುಗದ ಕೂಸನ್ನು ‘ಇವನಿಗೆ ಮಾತು ನಿಧಾನ’ ಎಂದು ಸುಮ್ಮನೆ ಬಿಡಬಾರದು. ಅಂಥವರಿಗಾಗಿಯೇ 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಕಿವಿ ಕೇಳಿಸದ ಮಗುವಿಗೂ ಸಂಭಾಷಣೆ ಬೇಕು. ಅದು ಕೈಸನ್ನೆಯ ಭಾಷೆಯಲ್ಲಾದರೂ ಆದೀತು.

ಆಕಾಶವಾಣಿಯಲ್ಲಿ ಕುಳಿತು ಹೀಗೆನ್ನಬಾರದೇನೋ: ರೇಡಿಯೋ ಮಾತಾಡುತ್ತದೆ, ಟೆಲಿವಿಷನ್ ಮಾತಾಡುತ್ತದೆ, ಅಂಗೈಯಲ್ಲಿನ ಮೊಬೈಲೂ ಮಾತಾಡುತ್ತದೆ. ಇವು ಯಾವುವೂ ಕೂಸಿನ ‘ಆ’ಕಾರಕ್ಕೆ ಅಜ್ಜಿಯಂತೆ ಕಾಯುವುದಿಲ್ಲ. ಮನೆಯ ತುಂಬ ಸದ್ದಿದ್ದೂ ಕೂಸಿಗೆ ಉತ್ತರ ಕೊಡುವವರಿಲ್ಲದಿದ್ದರೆ, ಆ ಮನೆ ಗುಂಗ್ ಮಹಲಿಗೆ ಬಹಳ ದೂರವಿಲ್ಲ.