ಹುಬ್ಬು ಏರಿಸುವ ಯಂತ್ರಗಳು

ವರ್ಗವಾಗಿ ವಿಜಯವಾಡಕ್ಕೆ ಬಂದಾಗ ನನಗೆ ತೆಲುಗು ಒಂದಕ್ಷರ ಬರುತ್ತಿರಲಿಲ್ಲ. ಬ್ಯಾಂಕ್ ಕೌಂಟರಿನಲ್ಲಿ ಮೊದಲ ಮೂರು ತಿಂಗಳು ನನ್ನನ್ನು ಕಾಪಾಡಿದ್ದು ಹುಬ್ಬು, ಕತ್ತು ಮತ್ತು ಎರಡು ಕೈಗಳು. ಪೆನ್ಷನ್ ಬಂದಿಲ್ಲ ಅನ್ನಲು ತಲೆಯಾಡಿಸಿದರೆ ಸಾಕಿತ್ತು. "ಸೋಮವಾರ ಬರುತ್ತೆ, ಹೆದರಬೇಡಿ ಅಮ್ಮ" ಅನ್ನಲು ಮಾತ್ರ ಇಡೀ ಮುಖವೇ ಬೇಕಾಗುತ್ತಿತ್ತು.

ಈ ಕೆಲಸವನ್ನು ಈಗ ಯಂತ್ರಕ್ಕೆ ಕಲಿಸುತ್ತಿದ್ದಾರೆ. ಇದರ ಬೇರು ಹಳೆಯದು. ವಿಜಯವಾಡದ ಪಕ್ಕದ ಕೊಂಡಪಲ್ಲಿಯಲ್ಲಿ ಪೊಣಿಕಿ ಮರದ ಬೊಂಬೆ ಮಾಡುತ್ತಾರೆ. ನಾವು ದಸರಾಕ್ಕೆ ಗೊಂಬೆ ಕೂರಿಸಿದರೆ ಇಲ್ಲಿಯವರು ಸಂಕ್ರಾಂತಿಗೆ ಕೂರಿಸುತ್ತಾರೆ. ಆ ಬೊಂಬೆಯ ಮುಖದಲ್ಲಿ ಒಮ್ಮೆ ಬರೆದ ಭಾವ ಬದಲಾಗುವುದಿಲ್ಲ. ನಮ್ಮ ತೊಗಲುಗೊಂಬೆ, ಇವರ ತೋಲುಬೊಮ್ಮಲಾಟದ ಗೊಂಬೆಯ ಮುಖವೂ ಹಾಗೆಯೇ. ಆದರೆ ಆಡಿಸುವವನು ಕೈ ಅಲುಗಿಸಿ ದನಿ ಏರಿಸಿದರೆ, ಪರದೆಯ ಆಚೆಗಿನ ಚರ್ಮಕ್ಕೆ ಸಿಟ್ಟು ಬಂದಂತೆ ನಮಗೆ ಕಾಣುತ್ತದೆ!

1970ರಲ್ಲಿ ಜಪಾನಿನ ಇಂಜಿನಿಯರ್ ಮಸಾಹಿರೊ ಮೋರಿ ಒಂದು ಎಚ್ಚರಿಕೆ ಬರೆದರು. ರೋಬೋ ಮನುಷ್ಯನನ್ನು ಹೋಲುತ್ತಾ ಹೋದಂತೆ ನಮಗೆ ಇಷ್ಟವಾಗುತ್ತದೆ, ಆದರೆ ಹೆಚ್ಚುಕಡಿಮೆ ಮನುಷ್ಯನೇ ಅನ್ನಿಸುವ ಹಂತದಲ್ಲಿ ಥಟ್ಟನೆ ಭಯ ಹುಟ್ಟಿಸುತ್ತದೆ ಅಂತ. ಈ ಭಯ ದಾಟಿ ಮನಸ್ಸಿಗೆ ಹತ್ತಿರವಾಗುವುದಕ್ಕೆ ಅವರು ಕೊಟ್ಟ ಉದಾಹರಣೆ ಯಾವುದು ಗೊತ್ತೆ? ತಮ್ಮ ದೇಶದ ಬುನ್ರಾಕು ಗೊಂಬೆಯಾಟ!

1990ರ ದಶಕದ ಕೊನೆಗೆ ಅಮೆರಿಕದ ಎಂಐಟಿಯಲ್ಲಿ ಸಿಂಥಿಯಾ ಬ್ರೆಝೀಲ್ 'ಕಿಸ್ಮೆಟ್' ಎಂಬ ಯಂತ್ರದ ತಲೆ ಮಾಡಿದರು. ಅದಕ್ಕೆ ಹುಬ್ಬು, ತುಟಿ, ಕಿವಿ ಎಲ್ಲಾ ಇತ್ತು. ಪದದ ಅರ್ಥ ತಿಳಿಯದಿದ್ದರೂ ದನಿಯ ಏರಿಳಿತದಿಂದ ಹೊಗಳಿಕೆ ಯಾವುದು, ಗದರಿಕೆ ಯಾವುದು ಎಂದು ಗುರುತಿಸುತ್ತಿತ್ತು. ಗದರಿದರೆ ತಲೆ ತಗ್ಗಿಸುತ್ತಿತ್ತು. ತೆಲುಗು ಬಾರದ ನನ್ನ ಪಾಡೂ ಅದೇ ಆಗಿತ್ತು.

ಆಮೇಲೆ ರೋಬೋಗಳು ನಮ್ಮ ಬ್ಯಾಂಕುಗಳಿಗೂ ಬಂದವು. 2016ರಲ್ಲಿ ಚೆನ್ನೈಯ ಸಿಟಿ ಯೂನಿಯನ್ ಬ್ಯಾಂಕಿಗೆ 'ಲಕ್ಷ್ಮಿ', 2017ರಲ್ಲಿ ಬೆಂಗಳೂರಿನ ಕೆನರಾ ಬ್ಯಾಂಕಿಗೆ ಕನ್ನಡ ಮಾತಾಡುವ 'ಮಿತ್ರ'. ಅದೇ ವರ್ಷ ನವೆಂಬರ್ 28ರಂದು ಹೈದರಾಬಾದಿನಲ್ಲಿ ಪ್ರಧಾನಿ ಮೋದಿ ಮತ್ತು ಇವಾಂಕಾ ಟ್ರಂಪ್ ಎದುರು ನಿಂತದ್ದೂ 'ಮಿತ್ರ' ರೋಬೋನೇ.

ಯಂತ್ರ ಕನ್ನಡ ಕಲಿತದ್ದು ಸಂತೋಷವೇ. ಆದರೆ ಕೌಂಟರಿನಲ್ಲಿ ನನ್ನ ಮುಖ ತೋರಿಸುವುದು ಅರ್ಧ ಕೆಲಸ ಅಷ್ಟೆ. ಎದುರಿನ ಅಜ್ಜಿ "ಸರೇ ಬಾಬೂ" ಎಂದು ತಲೆಯಾಡಿಸಿದರೂ ಕಣ್ಣು ಪಾಸ್‌ಬುಕ್ಕಿನ ಮೇಲೇ ಇದ್ದರೆ ಅರ್ಥವಾಗಿಲ್ಲ ಅಂತ ಲೆಕ್ಕ. ಆಗ ಇನ್ನೊಮ್ಮೆ ಹೇಳಬೇಕು. ನಗಲು ಕಲಿಸಿದವರು ಯಂತ್ರಕ್ಕೆ ಇದನ್ನೂ ಕಲಿಸಲಿ. ನನಗೆ ಕಲಿಸಿದ್ದು ವಿಜಯವಾಡದ ಅಜ್ಜಿಯರು.