ಜೇಬಲ್ಲಿ ಹಿಡಿಯೋ ಡೈನೋಸಾರ್: ಒಂದು ಕ್ರೋಶಾ ಕಡ್ಡಿಯ ಇತಿಹಾಸ

🦕 ಭಾಗ 1/7: ಎರಡು ಪ್ರಶ್ನೆ

ಹಸಿರು ಡೈನೋಸಾರ್ ಫೋಟೋ ಹಾಕಿದಾಗಿಂದ ಡಿಎಂನಲ್ಲಿ ಎರಡೇ ಪ್ರಶ್ನೆ. ಒಂದು, "ಇದನ್ನ ನಾನೂ ಮಾಡಬಹುದಾ, ತುಂಬಾ ಕಷ್ಟನಾ?" ಎರಡು, "ಇಷ್ಟು ಚಿಕ್ಕ ಗೊಂಬೆಗೆ ಅಷ್ಟೊಂದು ರೇಟಾ?"

ಮೊದಲನೇದಕ್ಕೆ ಒಂದು ಸಾಲಿನ ಉತ್ತರ ಕೊಡಬಹುದು: ಹೌದು, ಮಾಡಬಹುದು. ಎರಡನೇದಕ್ಕೆ ಒಂದು ಸಾಲು ಸಾಲಲ್ಲ. ಅದಕ್ಕೆ ಐರ್ಲೆಂಡಿನ ಬರಗಾಲ, ಲಂಡನ್ನಿನ ಒಂದು ಪಾರ್ಕು, ಜಪಾನು, ಗೋದಾವರಿ ತೀರ ಎಲ್ಲಾ ಸುತ್ತಿ ಬರಬೇಕು. ಏಳು ಭಾಗ ಇದೆ. ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

ಒಂದು ಮಜಾ ವಿಷಯದಿಂದ ಶುರು ಮಾಡ್ತೀನಿ. "ಡೈನೋಸಾರ್" ಅನ್ನೋ ಪದ ಹುಟ್ಟಿದ್ದು 1842ರಲ್ಲಿ. ಕ್ರೋಶಾ ಪ್ಯಾಟರ್ನ್ ಪುಸ್ತಕಗಳು ಬ್ರಿಟನ್ನಿನಲ್ಲಿ ಮನೆಮನೆಗೆ ಹೋಗೋಕೆ ಶುರುವಾಗಿದ್ದೂ 1840ರ ದಶಕದಲ್ಲೇ. ಪ್ರಾಣಿ ಕೋಟ್ಯಂತರ ವರ್ಷ ಹಳೇದು, ಆದ್ರೆ ಅದರ ಹೆಸರಿಗೂ ನಮ್ಮ ಕೈಯಲ್ಲಿರೋ ಈ ಕಸುಬಿನ ಜನಪ್ರಿಯತೆಗೂ ಹೆಚ್ಚುಕಮ್ಮಿ ಒಂದೇ ವಯಸ್ಸು.

🧶 ಭಾಗ 2/7: ಕೊಕ್ಕೆ

ಕ್ರೋಶಾ ಅನ್ನೋದು ಫ್ರೆಂಚ್ ಪದ, ಅರ್ಥ "ಚಿಕ್ಕ ಕೊಕ್ಕೆ". ಕೆಲಸದ ಹೆಸರೂ ಅದೇ, ಸಲಕರಣೆಯ ಹೆಸರೂ ಅದೇ. ಅಜ್ಜಿಯಂದಿರ ಕಾಲದಿಂದ ಇದೆ ಅಂತ ಅಂದ್ಕೊಂಡು ಇದು ಸಾವಿರಾರು ವರ್ಷ ಹಳೇದು ಅಂತ ಎಷ್ಟೋ ಜನ ಹೇಳ್ತಾರೆ. ಆದ್ರೆ ಕ್ರೋಶಾ ಪ್ಯಾಟರ್ನ್‌ಗಳು ಅಚ್ಚಾಗಿ ಕಾಣಿಸೋದು 1820ರ ದಶಕದಲ್ಲಿ, ಡಚ್ ಭಾಷೆಯ "ಪೆನೆಲೋಪೆ" ಅನ್ನೋ ಮಹಿಳಾ ಪತ್ರಿಕೆಯಲ್ಲಿ. ನೇಯ್ಗೆ, ಎರಡು ಕಡ್ಡಿಯ ಹೆಣಿಗೆ ಇವುಗಳ ಮುಂದೆ ಕ್ರೋಶಾ ಇನ್ನೂ ಮೊನ್ನೆ ಮೊನ್ನೆಯ ಕೂಸು.

ಹೆಣಿಗೆಗೂ ಕ್ರೋಶಾಗೂ ಏನು ವ್ಯತ್ಯಾಸ? ಸ್ವೆಟರ್ ಹೆಣೆಯುವಾಗ ಒಂದು ಸಾಲಿನ ಅಷ್ಟೂ ಲೂಪ್‌ಗಳು ಕಡ್ಡಿ ಮೇಲೆ ಸಾಲಾಗಿ ಕೂತಿರ್ತವೆ. ಸಾಲಾಗಿ ಕೂತಿದ್ದನ್ನ ಯಂತ್ರ ಹಿಡಿಯುತ್ತೆ. ಅದಕ್ಕೇ ವಿಲಿಯಂ ಲೀ ಅನ್ನೋ ಇಂಗ್ಲಿಷ್ ಪಾದ್ರಿ 1589ರಷ್ಟು ಹಿಂದೆಯೇ ಕಾಲುಚೀಲ ಹೆಣೆಯೋ ಯಂತ್ರ ಮಾಡಿಬಿಟ್ಟ.

ಕ್ರೋಶಾದಲ್ಲಿ ಹಾಗಲ್ಲ. ಒಂದು ಸ್ಟಿಚ್ ಪೂರ್ತಿ ಮುಗಿಸಿ, ಗಂಟು ಬಿಗಿದ ಹಾಗೆ ಮುಚ್ಚಿ, ಆಮೇಲೇ ಮುಂದಿನದು. ಕೊಕ್ಕೆ ಎಲ್ಲಿ ಬೇಕಾದ್ರೂ ತೂರಬಹುದು. ಮುಂದೆ, ಹಿಂದೆ, ಎರಡು ಸಾಲಿನ ಕೆಳಗೆ, ಎಲ್ಲಿ ಬೇಕಾದ್ರೂ. ಪ್ರತಿ ಸಲ ಎಲ್ಲಿ ಚುಚ್ಚಬೇಕು ಅಂತ ಕಣ್ಣು, ಬೆರಳು ಸೇರಿ ತೀರ್ಮಾನ ಮಾಡಬೇಕು. ಹಾಗಾಗಿ ಕಾರ್ಖಾನೆ ಮಟ್ಟದಲ್ಲಿ ಕ್ರೋಶಾ ಗೊಂಬೆ ಮಾಡೋ ಯಂತ್ರ ಇವತ್ತಿಗೂ ಬಂದಿಲ್ಲ.

ಇದನ್ನ ನೆನಪಲ್ಲಿಟ್ಕೊಳ್ಳಿ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗೋ ನಿಜವಾದ ಕ್ರೋಶಾ ಗೊಂಬೆಯನ್ನೂ ಯಾರದೋ ಕೈಯೇ ಮಾಡಿರುತ್ತೆ. ಭಾಗ 7ರಲ್ಲಿ ಇದು ವಾಪಸ್ ಬರುತ್ತೆ.

🥔 ಭಾಗ 3/7: ಹಸಿವು

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ರೋಗ ಬಿತ್ತು. ಅಲ್ಲಿನ ಬಡವರಿಗೆ ಆಲೂಗಡ್ಡೆ ಅಂದ್ರೆ ನಮ್ಮಲ್ಲಿ ರಾಗಿ, ಜೋಳ ಇದ್ದ ಹಾಗೆ, ಅದೇ ಊಟ. ಮುಂದಿನ ಕೆಲವೇ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಸತ್ತರು, ಇನ್ನೂ 10 ಲಕ್ಷಕ್ಕೂ ಹೆಚ್ಚು ಜನ ದೇಶ ಬಿಟ್ಟು ಹಡಗು ಹತ್ತಿದರು.

ಆ ಹೊತ್ತಲ್ಲಿ ಕಾನ್ವೆಂಟ್‌ಗಳ ಸಿಸ್ಟರ್‌ಗಳು, ಕೆಲವು ಪಾದ್ರಿಗಳ ಹೆಂಡತಿಯರು ಹಳ್ಳಿ ಹೆಣ್ಣುಮಕ್ಕಳಿಗೆ ಕ್ರೋಶಾ ಲೇಸ್ ಕಲಿಸಿದರು. ಮೊನಹನ್ ಜಿಲ್ಲೆಯ ಕ್ಲೋನ್ಸ್ ಅನ್ನೋ ಊರಿಗೆ 1847ರಲ್ಲಿ ಇದನ್ನ ತಂದಾಕೆ ಕಸಾಂಡ್ರಾ ಹ್ಯಾಂಡ್. ಆಗ ಶ್ರೀಮಂತರು ಹುಚ್ಚುಬಿದ್ದು ಕೊಳ್ತಿದ್ದ ಇಟಲಿಯ ವೆನಿಸ್ ಲೇಸ್ ಸೂಜಿಯಲ್ಲಿ ಮಾಡೋದು, ತುಂಬಾ ನಿಧಾನ. ಅದೇ ತರದ ಹೂವು, ಎಲೆ, ಬಳ್ಳಿ ಕ್ರೋಶಾ ಕಡ್ಡಿಯಲ್ಲಿ ಬೇಗ ಆಗ್ತಿತ್ತು. ಬಂಡವಾಳ ಅಂದ್ರೆ ಒಂದು ಕೊಕ್ಕೆ, ಒಂದು ಉಂಡೆ ದಾರ. ಅಷ್ಟೇ.

ಅವರು ಕೆಲಸ ಹಂಚಿಕೊಂಡ ರೀತಿ ನೋಡಿ. ಒಬ್ಬಳು ಗುಲಾಬಿ ಮಾತ್ರ, ಇನ್ನೊಬ್ಬಳು ಎಲೆ ಮಾತ್ರ, ಮತ್ತೊಬ್ಬಳು ಬಿಡಿ ತುಂಡುಗಳನ್ನ ಜೋಡಿಸೋದು ಮಾತ್ರ. ಫಸ್ಟ್ ಇಯರ್‌ನಲ್ಲಿ ಓದಿದ "ಶ್ರಮ ವಿಭಜನೆ" ಇದೇ! ಆ ಲೇಸ್ ಲಂಡನ್, ಪ್ಯಾರಿಸ್‌ನ ಗೌನ್‌ಗಳ ಕುತ್ತಿಗೆ ಸೇರಿತು. ದಾರ ತಿರುಗಿಸಿದ ಮನೆಗಳಲ್ಲಿ ಒಲೆ ಹೊತ್ತಿತು, ಎಷ್ಟೋ ಕಡೆ ಅಮೆರಿಕದ ಟಿಕೆಟ್ ದುಡ್ಡೂ ಹುಟ್ಟಿತು.

ಇವತ್ತು "ಹಾಬಿ" ಅಂತ ಕರೆಯೋ ಈ ಕೆಲಸ ಆ ಮನೆಗಳಲ್ಲಿ ಊಟದ ದಾರಿಯಾಗಿತ್ತು.

🦴 ಭಾಗ 4/7: ಮೂಗಿನ ಮೇಲೆ ಹೆಬ್ಬೆರಳು

ಈಗ ಲಂಡನ್. ರಿಚರ್ಡ್ ಓವನ್ ಅನ್ನೋ ಅಂಗರಚನಾ ತಜ್ಞ ಮೂರು ಪ್ರಾಣಿಗಳ ಮೂಳೆ ಹೋಲಿಸಿ "ಡೈನೋಸಾರಿಯಾ", ಅಂದ್ರೆ ಭಯಂಕರ ಹಲ್ಲಿ, ಅಂತ ಗುಂಪು ಮಾಡಿದ. 1854ರಲ್ಲಿ ಸಿಡನ್‌ಹ್ಯಾಮ್‌ನ ಕ್ರಿಸ್ಟಲ್ ಪ್ಯಾಲೇಸ್ ಪಾರ್ಕ್‌ನಲ್ಲಿ ಬೆಂಜಮಿನ್ ವಾಟರ್‌ಹೌಸ್ ಹಾಕಿನ್ಸ್ ಅನ್ನೋ ಶಿಲ್ಪಿ ಇಟ್ಟಿಗೆ, ಸಿಮೆಂಟು, ಕಬ್ಬಿಣ ಹಾಕಿ ಪ್ರಪಂಚದ ಮೊದಲ ನಿಜಗಾತ್ರದ ಡೈನೋಸಾರ್ ಗೊಂಬೆಗಳನ್ನ ನಿಲ್ಲಿಸಿದ. ಪಾರ್ಕ್ ತೆರೆಯೋ ಮುಂಚೆ, 1853ರ ಡಿಸೆಂಬರ್ 31ರ ರಾತ್ರಿ, ಇಗ್ವಾನಡಾನ್‌ನ ಅಚ್ಚಿನೊಳಗೇ ಟೇಬಲ್ ಹಾಕಿ ವಿಜ್ಞಾನಿಗಳಿಗೆ ಊಟ ಬಡಿಸಿದ! ಇವತ್ತಿನ ಯಾವ ರೀಲ್ಸ್ ಪ್ರಮೋಷನ್ನೂ ಅದರ ಮುಂದೆ ಏನಿಲ್ಲ.

ಆ ಇಗ್ವಾನಡಾನ್‌ಗೆ ಮೂಗಿನ ಮೇಲೆ ಘೇಂಡಾಮೃಗದ ತರ ಒಂದು ಕೊಂಬಿತ್ತು. 1878ರಲ್ಲಿ ಬೆಲ್ಜಿಯಂನ ಬೆರ್ನಿಸಾರ್ ಕಲ್ಲಿದ್ದಲು ಗಣಿಯಲ್ಲಿ ಪೂರ್ತಿ ಅಸ್ಥಿಪಂಜರಗಳು ಸಿಕ್ಕಮೇಲೆ ಗೊತ್ತಾಯ್ತು, ಅದು ಕೊಂಬಲ್ಲ, ಹೆಬ್ಬೆರಳಿನ ಮುಳ್ಳು. ಲಂಡನ್‌ನ ಗೊಂಬೆ ಇವತ್ತಿಗೂ ಹೆಬ್ಬೆರಳನ್ನ ಮೂಗಿನ ಮೇಲೆ ಇಟ್ಕೊಂಡೇ ನಿಂತಿದೆ. ನಿಮ್ಮ ಮೊದಲ ಗೊಂಬೆಯ ಕಾಲು ಸೊಟ್ಟಗಾದ್ರೆ ಹಾಕಿನ್ಸ್‌ನ ನೆನಪಿಸ್ಕೊಳ್ಳಿ, ಸಮಾಧಾನ ಆಗುತ್ತೆ.

ನಮ್ಮ ದೇಶದ ಕಥೆ ಇನ್ನೂ ಹಳೇದು. 1828ರಲ್ಲಿ, ಅಂದ್ರೆ "ಡೈನೋಸಾರ್" ಪದ ಹುಟ್ಟೋಕೆ 14 ವರ್ಷ ಮುಂಚೆ, ಸೈನ್ಯಾಧಿಕಾರಿ ಸ್ಲೀಮನ್‌ಗೆ ಜಬಲ್ಪುರದ ಹತ್ತಿರ ಕಲ್ಲಾಗಿದ್ದ ದೊಡ್ಡ ಮೂಳೆಗಳು ಸಿಕ್ಕಿದ್ವು. 1877ರಲ್ಲಿ ರಿಚರ್ಡ್ ಲೈಡೆಕ್ಕರ್ ಅದಕ್ಕೆ "ಟೈಟಾನೊಸಾರಸ್ ಇಂಡಿಕಸ್" ಅಂತ ಹೆಸರಿಟ್ಟ.

🎀 ಭಾಗ 5/7: ಜಪಾನಿನ ಗೋಲ

ಲೇಸ್‌ನಿಂದ ಗೊಂಬೆಗೆ ಹೇಗೆ ಬಂತು? "ಅಮಿಗುರುಮಿ" ಅನ್ನೋದು ಜಪಾನಿ ಪದ. "ಅಮಿ" ಅಂದ್ರೆ ಹೆಣೆದದ್ದು, "ನುಯಿಗುರುಮಿ" ಅಂದ್ರೆ ತುಂಬಿದ ಗೊಂಬೆ, ಎರಡೂ ಸೇರಿ ಅಮಿಗುರುಮಿ. 1970ರ ದಶಕದಲ್ಲಿ ಜಪಾನಿನಲ್ಲಿ "ಕವಾಯಿ", ಅಂದ್ರೆ ಮುದ್ದು ಮುದ್ದಾಗಿರೋದು, ಒಂದು ದೊಡ್ಡ ಅಲೆಯಾಯ್ತು. ಹಲೋ ಕಿಟ್ಟಿ ಹುಟ್ಟಿದ್ದು 1974ರಲ್ಲಿ. ದೊಡ್ಡ ತಲೆ, ಸಣ್ಣ ಮೈ, ಚುಕ್ಕಿ ಕಣ್ಣು, ಈ ರೂಪವನ್ನೇ ಅಮಿಗುರುಮಿಯೂ ಹಿಡಿಯಿತು. 2000ದ ನಂತರ ಇಂಟರ್ನೆಟ್ ಅದನ್ನ ನಮ್ಮ ಹಾಸ್ಟೆಲ್ ರೂಮ್‌ವರೆಗೂ ತಂತು.

ಇದರ ಗುಟ್ಟು ಪೂರ್ತಿ ಲೆಕ್ಕ. ಮ್ಯಾಜಿಕ್ ರಿಂಗ್‌ನಲ್ಲಿ 6 ಸಿಂಗಲ್ ಕ್ರೋಶಾ. ಪ್ರತಿ ಸುತ್ತಿಗೆ 6 ಜಾಸ್ತಿ: 12, 18, 24, 30, 36. ಆಮೇಲೆ 36ರಲ್ಲೇ ಆರು ಸುತ್ತು. ಆಮೇಲೆ ಹತ್ತಿದ ಮೆಟ್ಟಿಲನ್ನೇ ಇಳಿಯೋದು: 30, 24, 18, 12, 6. ಮುಚ್ಚೋ ಮುಂಚೆ ಫೈಬರ್ ಹತ್ತಿ ತುಂಬಬೇಕು.

ಕೂಡಿಸಿ ನೋಡಿ: ಹತ್ತೋದು 126, ನೇರ ಸುತ್ತು 216, ಇಳಿಯೋದು 90. ಒಟ್ಟು 432 ಸ್ಟಿಚ್. ಒಂದು ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡ ಚೆಂಡು, ಅಷ್ಟೇ.

🦖 ಭಾಗ 6/7: ನೀವು ಯಾವ ಮೆಟ್ಟಿಲು?

ಪ್ಯಾಟರ್ನ್ ಹುಡುಕಿದ್ರೆ ಬರೀ ಟಿ-ರೆಕ್ಸ್ ಸಿಗುತ್ತೆ. ನಾನು ನಮ್ಮ ದೇಶದವನ್ನೇ ಆರಿಸಿದ್ದೀನಿ.

ಹೊಸಬರಿಗೆ: ಟೈಟಾನೊಸಾರ್ ಮೊಟ್ಟೆ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 92 ಗೂಡು, 256 ಮೊಟ್ಟೆ ಸಿಕ್ಕಿವೆ ಅಂತ 2023ರಲ್ಲಿ ಸಂಶೋಧಕರು ಪ್ರಕಟಿಸಿದರು. ಆ ಮೊಟ್ಟೆಗಳು ಕೋಳಿಮೊಟ್ಟೆ ತರ ಉದ್ದ ಅಲ್ಲ, ದುಂಡು. ಅಂದ್ರೆ ಭಾಗ 5ರ 432 ಸ್ಟಿಚ್‌ನ ಚೆಂಡೇ ನಿಮ್ಮ ಮೊದಲ ಡೈನೋಸಾರ್! ಅದಕ್ಕೆ ಎರಡು ಕಣ್ಣು ಹೊಲಿದ್ರೆ ಮರಿ ಇಣುಕಿದ ಹಾಗೆ. ತಿಳಿ ಬಣ್ಣದ ಉಲ್ಲನ್ ತಗೊಳ್ಳಿ, ಕಪ್ಪಲ್ಲಿ ಸ್ಟಿಚ್ ಕಾಣಿಸಲ್ಲ.

ಸ್ವಲ್ಪ ಕೈ ಕೂತವರಿಗೆ: ಬಾರಾಪಾಸಾರಸ್. "ಬಾರಾ ಪಾ" ಅಂದ್ರೆ ದೊಡ್ಡ ಕಾಲು. ಗೋದಾವರಿ ಕಣಿವೆಯಲ್ಲಿ ಸಿಕ್ಕ ಉದ್ದ ಕತ್ತಿನ ಸಸ್ಯಾಹಾರಿ, 1975ರಲ್ಲಿ ಹೆಸರಿಟ್ಟಿದ್ದು, ಪೂರ್ತಿ ಹೆಸರು ಬಾರಾಪಾಸಾರಸ್ ಟಾಗೋರೈ, ರವೀಂದ್ರನಾಥ ಟ್ಯಾಗೋರ್ ಗೌರವಕ್ಕೆ. ಅಸ್ಥಿಪಂಜರ ಕೋಲ್ಕತ್ತದ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿದೆ. ಮೈ ಒಂದು ಉದ್ದ ಚೆಂಡು, ಕತ್ತು ಮತ್ತು ಬಾಲ ಎರಡು ಕೊಳವೆ, ನಾಲ್ಕು ಕಾಲು. ನಾಲ್ಕೂ ಕಾಲಿಗೆ ಸುತ್ತಿನ ಲೆಕ್ಕ ಒಂದೇ ಇರಬೇಕು, ಬರೆದಿಟ್ಕೊಳ್ಳಿ. ಕತ್ತಿಗೆ ಹತ್ತಿ ಬಿಗಿಯಾಗಿ ತುಂಬಿ, ಇಲ್ಲಾಂದ್ರೆ ತಲೆ ತೂಕಡಿಸುತ್ತೆ.

ಪಳಗಿದವರಿಗೆ: ರಾಜಾಸಾರಸ್ ನರ್ಮದೆನ್ಸಿಸ್. ಗುಜರಾತಿನ ರೈಯೋಲಿಯಲ್ಲಿ 1980ರ ದಶಕದಲ್ಲಿ ಸಿಕ್ಕ ಮೂಳೆಗಳಿಗೆ 2003ರಲ್ಲಿ ಈ ಹೆಸರು ಬಂತು. ಮಾಂಸಾಹಾರಿ, ತಲೆ ಮೇಲೆ ಒಂದು ಗಿಡ್ಡ ಕೊಂಬು, ನಡೆಯೋದು ಎರಡೇ ಕಾಲಲ್ಲಿ. ಕಷ್ಟ ಇರೋದೇ ಅಲ್ಲಿ. ಎರಡು ಕಾಲಲ್ಲಿ ನಿಲ್ಲಬೇಕು ಅಂದ್ರೆ ಬಾಲವನ್ನ ನೆಲಕ್ಕೆ ತಾಗಿಸಿ ಮೂರನೇ ಕಾಲು ಮಾಡಿ. ದವಡೆ, ಉಗುರು, ಕೊಂಬು ಎಲ್ಲಾ ಬೇರೆ ಬೇರೆ ಮಾಡಿ ಜೋಡಿಸೋದು, ಐರಿಷ್ ಲೇಸ್‌ನ ಹಾಗೇ.

ಎಲ್ರಿಗೂ ಒಂದು ಮಾತು: ಮೂರು ವರ್ಷದ ಒಳಗಿನ ಮಗುವಿಗೆ ಕೊಡೋದಾದ್ರೆ ಪ್ಲಾಸ್ಟಿಕ್ ಕಣ್ಣು ಬೇಡ. ದಾರದಲ್ಲೇ ಕಸೂತಿ ಮಾಡಿ. ಕಿತ್ತು ಬಾಯಿಗೆ ಹಾಕ್ಕೊಳ್ತಾವೆ.

🧾 ಭಾಗ 7/7: ರೇಟು

ಬಾರಾಪಾಸಾರಸ್ ಸಿಕ್ಕಿದ ಗೋದಾವರಿ ಕಣಿವೆಯಿಂದ ನದಿ ಜೊತೆ ಸಮುದ್ರದ ಕಡೆ ಇಳಿದ್ರೆ ಆಂಧ್ರದ ನರಸಾಪುರ ಸಿಗುತ್ತೆ. ಅಲ್ಲಿಗೆ ಕ್ರೋಶಾ ಲೇಸ್ ತಂದವರು 19ನೇ ಶತಮಾನದ ಮಿಷನರಿಗಳು. ಆಮೇಲೆ ಅದು ವಿದೇಶಕ್ಕೆ ರಫ್ತಾಗೋ ವ್ಯಾಪಾರವೇ ಆಯ್ತು. ವ್ಯಾಪಾರಿ ದಾರ ಕೊಡ್ತಾನೆ, ಹೆಂಗಸರು ಮನೆಯಲ್ಲೇ ಕೂತು ಹೆಣೀತಾರೆ, ತುಂಡಿಗಿಷ್ಟು ಅಂತ ಕೂಲಿ.

ಮಾರಿಯಾ ಮೀಸ್ ಅನ್ನೋ ಜರ್ಮನ್ ಸಮಾಜಶಾಸ್ತ್ರಜ್ಞೆ ಅಲ್ಲೇ ಇದ್ದು ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ತಂದರು. ಅವರು ಕಂಡಿದ್ದು: ದಿನಕ್ಕೆ ಆರೆಂಟು ಗಂಟೆ ಹೆಣೆದ್ರೂ ಸಿಗೋದು ಹೊಲದ ಕೂಲಿಗಿಂತ ಎಷ್ಟೋ ಕಮ್ಮಿ. ಯಾಕೆ? ಎಲ್ರೂ ಅವರನ್ನ "ಗೃಹಿಣಿಯರು", ಕೆಲಸವನ್ನ "ಬಿಡುವಿನ ವೇಳೆಯದ್ದು" ಅಂತ ಕರೀತಿದ್ರು. ಆ ಒಂದು ಹೆಸರಿಂದ ಕೂಲಿ ಬಿದ್ದುಹೋಯ್ತು, ಲಾಭ ಮಾತ್ರ ವ್ಯಾಪಾರಿ ಮನೆ ಸೇರಿತು. 2024ರಲ್ಲಿ ನರಸಾಪುರ ಲೇಸ್‌ಗೆ ಜಿಐ ಟ್ಯಾಗ್ ಸಿಕ್ಕಿದೆ, ಖುಷಿ. ಟ್ಯಾಗ್ ಊರಿನ ಹೆಸರನ್ನ ಕಾಯುತ್ತೆ. ಕೂಲಿ ಕಾಯೋದು ಕೊಳ್ಳೋರ ಕೈಲೂ ಇದೆ.

ದೂರ ಹೋಗೋದೇ ಬೇಡ. ಅಮ್ಮನ ರೇಷ್ಮೆ ಸೀರೆ ಸೆರಗಿನ ಕ್ರೋಶಾ ಕುಚ್ಚು ನೋಡಿ. ಅದನ್ನ ಹಾಕೋ ಆಂಟಿ ಬೀದಿ ಆಚೆ ಮನೆಯಲ್ಲೇ ಇರ್ತಾರೆ. ಹತ್ತು ಸಾವಿರದ ಸೀರೆಗೆ ಎಂಆರ್‌ಪಿ ನೋಡಿ ದುಡ್ಡು ಕೊಟ್ಟು, ಕುಚ್ಚಿಗೆ ಮಾತ್ರ "ಐವತ್ತು ಕಮ್ಮಿ ಮಾಡ್ಕೊಳ್ಳಿ ಆಂಟಿ" ಅಂತೀವಿ.

ಈಗ ಕಾಸ್ಟಿಂಗ್ ಕ್ಲಾಸ್. ನಾಲ್ಕು ಕಾಲಿನ ಒಂದು ಡೈನೋಸಾರ್‌ಗೆ 3,000 ಸ್ಟಿಚ್, ನಿಮಿಷಕ್ಕೆ 15 ಅಂತ ಇಟ್ಕೊಳ್ಳಿ. 200 ನಿಮಿಷ ಆಯ್ತು. ಹತ್ತಿ ತುಂಬಿ, ಜೋಡಿಸಿ, ಮುಖ ಹೊಲಿಯೋಕೆ ಇನ್ನು 100 ನಿಮಿಷ. ಒಟ್ಟು 5 ಗಂಟೆ. ಉಲ್ಲನ್, ಹತ್ತಿ, ಕಣ್ಣು ಸೇರಿ ₹150 ಅನ್ನೋಣ. ಅದನ್ನ ₹250ಕ್ಕೆ ಮಾರಿದ್ರೆ ಉಳಿಯೋದು ₹100. ಗಂಟೆಗೆ ₹20. ಗಂಟೆಗೆ ₹80 ಅಂತ ಇಟ್ರೆ ರೇಟ್ ₹550 ಆಗುತ್ತೆ, ಅದರಲ್ಲೂ ಲಾಭ ಸೊನ್ನೆ. ಡೈರೆಕ್ಟ್ ಲೇಬರ್ ಬಿಟ್ಟು ಕಾಸ್ಟ್ ಶೀಟ್ ಬರೆದ್ರೆ ಎಕ್ಸಾಮಲ್ಲಿ ಮಾರ್ಕ್ಸ್ ಕಟ್ ಆಗುತ್ತೆ. ಮಾರ್ಕೆಟ್ಟಲ್ಲಿ ಬಿಟ್ರೆ ಯಾರೂ ಕೇಳಲ್ಲ.

ಹಾಗಾಗಿ ಮಾರೋಕೆ ಅಂತ ಕ್ರೋಶಾ ಶುರು ಮಾಡೋ ಫ್ರೆಂಡ್ಸ್, "ಹಾಬಿ ತಾನೇ" ಅಂತ ಯಾರಾದ್ರೂ ಅಂದ್ರೆ ರೇಟ್ ಇಳಿಸಬೇಡಿ. ಮೊದಲ ಗೊಂಬೆ ಮಾಡುವಾಗಲೇ ಫೋನಲ್ಲಿ ಸ್ಟಾಪ್‌ವಾಚ್ ಆನ್ ಮಾಡಿ, ಗಂಟೆ ಬರೆದಿಡಿ. ಕೊಳ್ಳೋ ಫ್ರೆಂಡ್ಸ್, ಸಾಧ್ಯ ಆದ್ರೆ "ಕಮ್ಮಿ ಮಾಡ್ತೀರಾ" ಅನ್ನೋ ಬದಲು "ಎಷ್ಟು ಹೊತ್ತು ಹಿಡೀತು" ಅಂತ ಕೇಳಿ. ಮುಂದಿನ ಸಲ ಕುಚ್ಚಿನ ಆಂಟಿಗೂ ಇದನ್ನೇ ಕೇಳಿ ನೋಡಿ.

ನಿಮ್ಮನೇಲಿ ಯಾರಾದ್ರೂ ಕ್ರೋಶಾ, ಕುಚ್ಚು ಹಾಕ್ತಿದ್ರಾ? ಒಂದಕ್ಕೆ ಎಷ್ಟು ಸಿಗ್ತಿತ್ತು? ಕೇಳ್ಕೊಂಡು ಬಂದು ಕೆಳಗೆ ಬರೀರಿ. ಮೊಟ್ಟೆ ಮಾಡಿದವರು ಫೋಟೋ ಟ್ಯಾಗ್ ಮಾಡೋದು ಮರೀಬೇಡಿ 🥚💚

#ಕ್ರೋಶಾ #ಅಮಿಗುರುಮಿ #ಡೈನೋಸಾರ್ #ಕನ್ನಡ #ಇತಿಹಾಸ #ಕೈಕೆಲಸ #ಬಿಕಾಂಹುಡುಗರು