ಆತಕೂರಿನ ಕಾಳಿ ಯಾವ ಜಾತಿ ನಾಯಿ?

ಕನ್ನಡದಲ್ಲಿ ನಾಯಿಗಳನ್ನು ಎರಡೇ ಮಾತಿನಲ್ಲಿ ವಿಂಗಡಿಸಿಬಿಡುತ್ತೇವೆ: ಒಂದು ಜಾತಿ ನಾಯಿ, ಇನ್ನೊಂದು ಕಂತ್ರಿ ನಾಯಿ. ಈ 'ಕಂತ್ರಿ' ಅನ್ನುವುದು ಇಂಗ್ಲಿಷಿನ 'ಕಂಟ್ರಿ'ಯಿಂದ ಬಂದ ಪದ. ಅಂದರೆ ನಮ್ಮ ನಾಡಿನ ನಾಯಿಯನ್ನು ಹೀಯಾಳಿಸಲು ನಾವು ಬಳಸುವ ಪದವೇ ನಮ್ಮದಲ್ಲ. ಬೆರಕೆ ನಾಯಿ ಸಾಕಿದ ಮನೆಗೆ ಯಾರೇ ಬರಲಿ, ಮೊದಲು ಕೇಳುವುದು "ಇದು ಯಾವ ಜಾತಿ?" ಅಂತ. ನಾಡಿನ ಅತ್ಯಂತ ಪ್ರಸಿದ್ಧ ನಾಯಿಯ ಶಾಸನದ ಮುಂದೆ ನಿಂತವರು ಕೇಳುವುದೂ ಇದನ್ನೇ. ಅದಕ್ಕೆ ಶಾಸನ ಏನು ಹೇಳುತ್ತದೆ ನೋಡೋಣ.

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ ಶಕವರ್ಷ 872, ಸೌಮ್ಯ ಸಂವತ್ಸರದ್ದು, ಕ್ರಿ.ಶ. 949-50. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ಯುದ್ಧ ನಡೆಯಿತು. ಕೃಷ್ಣನ ಪರವಾಗಿ ಹೋರಾಡಿ ರಾಜಾದಿತ್ಯನನ್ನು ಕೊಂದವನು ಗಂಗ ಬೂತುಗ. ಅದಕ್ಕೆ ಅವನಿಗೆ ಸಿಕ್ಕಿದ್ದು ಬನವಾಸಿ 12000, ಬೆಳ್ವೊಲ 300, ಪುರಿಗೆರೆ 300ರಂಥ ನಾಡುಗಳು. ಬೂತುಗನ ಆಳು ಮಣಲೆರ. ಅವನ ಶೌರ್ಯಕ್ಕೆ ಮೆಚ್ಚಿದ ಬೂತುಗ, ಬೇಕಾದ್ದು ಕೇಳಿಕೋ ಅಂದ. ನಾಡಿಗೆ ನಾಡೇ ಕೈಬದಲಾಗುತ್ತಿದ್ದ ಆ ಹೊತ್ತಿನಲ್ಲಿ ಮಣಲೆರ ಕೇಳಿದ್ದು ಒಡೆಯನ ಬಳಿಯಿದ್ದ ಕಾಳಿ ಅನ್ನುವ ನಾಯಿಯನ್ನು!

ಆಮೇಲೆ ಬೆಳತೂರಿನ ಪಡುವಣ ದಿಕ್ಕಿನಲ್ಲಿ ಕಾಳಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ನಾಯಿಯೂ ಒಟ್ಟಿಗೇ ಸತ್ತವು. ಕಲ್ಲಿನ ಮೇಲ್ಭಾಗದಲ್ಲಿ ಆ ಕಾದಾಟವನ್ನು ಕೆತ್ತಿದ್ದಾರೆ.

ಇಲ್ಲಿ ಶಾಸನ ಬಳಸುವ ಕ್ರಿಯಾಪದವನ್ನು ಗಮನಿಸಬೇಕು: 'ವಿಟ್ಟೊಡೆ', ಅಂದರೆ ಬಿಟ್ಟಾಗ. ಇಂದಿಗೂ ನಾವು 'ಛೂ ಬಿಟ್ಟ' ಅನ್ನುತ್ತೇವಲ್ಲ, ಅದೇ 'ಬಿಡು'. ಬಿಡಬೇಕಾದರೆ ಅದಕ್ಕೂ ಮೊದಲು ಹಿಡಿದಿರಬೇಕು. ಹಂದಿಯ ವಾಸನೆ ಮೂಗಿಗೆ ಬಡಿದರೂ ಒಡೆಯ ಬಿಡುವವರೆಗೆ ತಡೆದು ನಿಲ್ಲುವುದನ್ನು ನಾಯಿ ಕಲಿತಿರಬೇಕು. ಪಾಠ ಹೇಗೆ ನಡೆಯಿತು ಅನ್ನುವುದು ಕಲ್ಲಿನಲ್ಲಿಲ್ಲ, ಆದರೆ ಪಾಠದ ಫಲ ಆ ಒಂದು ಪದದಲ್ಲಿದೆ.

ಇನ್ನು ಜಾತಿಯ ಮಾತು. ಕಾಳಿ ಮುಧೋಳ ತಳಿಯದ್ದು ಅಂತ ಹೇಳುವವರಿದ್ದಾರೆ. ಶಾಸನದಲ್ಲಿ ಇರುವುದು 'ನಾಯ್' ಎಂಬ ಪದ, ಅಷ್ಟೇ. ಮುಧೋಳದ ನಾಯಿ ಹೆಸರು ಮಾಡಿದ್ದು ಬಹಳ ಈಚೆಗೆ, ಅಲ್ಲಿನ ಘೋರ್ಪಡೆ ಅರಸರ ಆಶ್ರಯದಲ್ಲಿ. ಹಳಬರಿಗೆ ನಾಯಿಗಳ ಭೇದ ತಿಳಿದಿರಲಿಲ್ಲ ಅಂತಲ್ಲ. 12ನೆಯ ಶತಮಾನದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸದಲ್ಲಿ ಬೇಟೆನಾಯಿಗಳಿಗೆಂದೇ ಒಂದು ವಿನೋದವನ್ನು ಮೀಸಲಿಟ್ಟಿದ್ದಾನೆ. ಆದರೆ ವಂಶಾವಳಿ ಬರೆದಿಟ್ಟು, ದಾಖಲೆಯಲ್ಲಿರುವ ನಾಯಿಯನ್ನು ದಾಖಲೆಯಲ್ಲಿರುವ ನಾಯಿಗೇ ಕೂಡಿಸಿ 'ಶುದ್ಧ ತಳಿ' ಕಾಯುವ ಪದ್ಧತಿ 19ನೆಯ ಶತಮಾನದ್ದು. ಇಂಗ್ಲೆಂಡಿನ ಕೆನಲ್ ಕ್ಲಬ್ ಹುಟ್ಟಿದ್ದೇ 1873ರಲ್ಲಿ. ಆ ಅಳತೆಗೋಲನ್ನು 10ನೆಯ ಶತಮಾನದ ಕಲ್ಲಿಗೆ ಹಿಡಿಯುವುದು ಸರಿಯಲ್ಲ.

ಇದು ಆತಕೂರಿನ ಮಾತಷ್ಟೇ ಅಲ್ಲ. ತಮಿಳುನಾಡಿನ ತಿರುವಣ್ಣಾಮಲೈ ಜಿಲ್ಲೆಯ ಎಡುತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ 34ನೆಯ ಆಳ್ವಿಕೆಯ ವರ್ಷದ ವೀರಗಲ್ಲೊಂದಿದೆ. ವೀರನ ಪಕ್ಕದಲ್ಲಿ ಅವನ ನಾಯಿಯನ್ನೂ ಕೆತ್ತಿ, ಕೋವಿವನ್ ಎಂಬ ಅದರ ಹೆಸರನ್ನೂ ಅದು ಇಬ್ಬರು ಕಳ್ಳರನ್ನು ಕಚ್ಚಿದ್ದನ್ನೂ ಬರೆದಿದ್ದಾರೆ. ಕಾಳಿ ಬೇಟೆಯದ್ದು, ಕೋವಿವನ್ ಕಾವಲಿನದ್ದು. ಎರಡೂ ಕಲ್ಲುಗಳು ನಾಯಿಯ ಹೆಸರು ಹೇಳುತ್ತವೆ, ಯಾರ ಜೊತೆಗಿತ್ತು, ಏನು ಮಾಡಿತು ಅಂತ ಹೇಳುತ್ತವೆ. ಜಾತಿ ಹೇಳುವುದಿಲ್ಲ.

ಈಗಿನ ಸಂಶೋಧನೆಯೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿದೆ. 2022ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು, ಬೆರಕೆ ನಾಯಿಗಳೂ ಸೇರಿದಂತೆ 18,000ಕ್ಕೂ ಹೆಚ್ಚು ನಾಯಿಗಳ ಸಾಕಿದವರಿಂದ ಮಾಹಿತಿ ಪಡೆಯಿತು. ಒಂದೊಂದು ನಾಯಿಯ ನಡವಳಿಕೆಯಲ್ಲಿ ಕಾಣುವ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದದ್ದು ಸುಮಾರು ಶೇ. 9 ಮಾತ್ರ. ಹಾಗಾಗಿ ಮನೆಯ ಬೆರಕೆ ನಾಯಿಯ ಕಿವಿ, ಬಾಲ ನೋಡಿ ಸ್ವಭಾವ ಊಹಿಸುವುದರಲ್ಲಿ ಅರ್ಥವಿಲ್ಲ. ಅದು ಯಾವುದಕ್ಕೆ ಹೆದರುತ್ತೆ, ಯಾವ ತಿಂಡಿಗೆ ಓಡಿ ಬರುತ್ತೆ, ಎಷ್ಟು ಹೊತ್ತು ಕಾಯಬಲ್ಲದು ಅಂತ ದಿನಾ ನೋಡಿಯೇ ತಿಳಿಯಬೇಕು. ಒಂದು ಹೆಸರಿಟ್ಟು ಮನೆಯವರೆಲ್ಲ ಅದನ್ನೇ ಕರೆಯಬೇಕು. ಅನ್ನದ ತಟ್ಟೆ ಇಡುವಾಗ, ಬಾಗಿಲು ತೆಗೆಯುವಾಗ ಒಂದು ಗಳಿಗೆ ನಿಲ್ಲುವುದನ್ನು ಕಲಿಸಿ, ನಿಂತ ಕೂಡಲೇ ಏನಾದರೂ ಕೊಡಬೇಕು. ಹಂದಿ ಬೇಟೆ ಹೋಯಿತು. ಆದರೆ ತಡೆದು ನಿಲ್ಲುವ, ಬಿಟ್ಟಾಗ ಹೋಗುವ ಪಾಠ ಈಗಲೂ ಉಳಿದಿದೆ.

ಆತಕೂರಿನ ಶಾಸನ ನಾಯಿಯ ಸಾವಿಗೆ ನಿಲ್ಲುವುದಿಲ್ಲ. ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಡೆಸಿ, ಹಿರಿಯ ಕೆರೆಯ ಕೆಳಗೆ ಎರಡು ಕಂಡುಗ ಮಣ್ಣು ಕೊಟ್ಟರು. ಆ ಸ್ಥಾನದ ಗೊರವ ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ಅಂತಲೂ ವಿಧಿಸಿದರು. ಒಂದು ನಾಯಿಗಾಗಿ ಇಷ್ಟು ಏರ್ಪಾಟು: ಭೂಮಿ, ಹೊಣೆ ಹೊತ್ತ ಒಬ್ಬ ಮನುಷ್ಯ, ದಿನವೂ ತಪ್ಪದ ಕೆಲಸ. ಮರಿಯಾಗಿದ್ದಾಗ ತಂದು, ಬೆಳೆದ ಮೇಲೆ ಜಾತಿಯದ್ದಲ್ಲ ಅಂತ ಬೀದಿಗೆ ಬಿಡುವ ಕಾಲದಲ್ಲಿ ಈ ಕಲ್ಲಿನ ಕೊನೆಯ ಸಾಲುಗಳನ್ನು ಇನ್ನೊಮ್ಮೆ ಓದಬೇಕು. ಅಲ್ಲೂ 'ಬಿಡು' ಇದೆ, ಇಲ್ಲೂ 'ಬಿಡು' ಇದೆ. ಅರ್ಥ ಮಾತ್ರ ಬೇರೆ.